ಸೆಕೆಂಡಣ್ಣ ಮತ್ತು ಹತ್ತೊಂಬತ್ತರ ಬೋಲ್ಟು

ಯುದ್ಧ ಶುರುವಾದದ್ದು ಒಂದು ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ, ಮನೆಯ ಮುಂದಿನ ಸಿಮೆಂಟು ಅಂಗಳದಲ್ಲಿ. ಒಂದು ಪಕ್ಷದಲ್ಲಿ ಐವತ್ಮೂರು ವರ್ಷದ, ಐವತ್ತೆಂಟು ಕೆಜಿಯ, ದಪ್ಪ ಕನ್ನಡಕದ ಗಡಿಯಾರ ರಿಪೇರಿಗಾರ. ಎದುರು ಪಕ್ಷದಲ್ಲಿ ಒಂದು ಬೋಲ್ಟು. ಉದ್ದ ಅಂಗೈಯಷ್ಟು, ವಯಸ್ಸು ಹದಿನೇಳು ವರ್ಷ, ತಲೆಗೆ ಹತ್ತೊಂಬತ್ತರ ಸ್ಪ್ಯಾನರ್. ಇಷ್ಟು ಕೇಳಿದ ಮೇಲೆ ಗೆದ್ದವರು ಯಾರೆಂದು ಊಹಿಸುವುದು ಕಷ್ಟವಲ್ಲ. ಆದರೂ ಸೋತವನ ಕಥೆಯನ್ನೇ ಹೇಳಬೇಕು. ಗೆದ್ದ ಬೋಲ್ಟಿಗೆ ಹೇಳಿಕೊಳ್ಳುವಂಥ ಜೀವನವೇನೂ ಇರಲಿಲ್ಲ.

ಬೀದಿಯವರು ಅವನನ್ನು ಸೆಕೆಂಡಣ್ಣ ಎನ್ನುತ್ತಿದ್ದರು. ಯಾವ ಕೆಲಸ ಹೇಳಿದರೂ, ಯಾರು ಕರೆದರೂ ಅವನ ಬಾಯಿಂದ ಬರುತ್ತಿದ್ದ ಮೊದಲ ಮಾತು "ಒಂದ್ ಸೆಕೆಂಡು." ಆ ಒಂದು ಸೆಕೆಂಡು ಹದಿನೈದು ನಿಮಿಷದಿಂದ ಮೂರು ವಾರದವರೆಗೆ ಎಷ್ಟು ಬೇಕಾದರೂ ಹಿಗ್ಗುತ್ತಿತ್ತು. ಬೀರುವಿನಷ್ಟೇ ಅಗಲದ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಮೂವತ್ಮೂರು ವರ್ಷ ಕಳೆದವನು ಅವನು. ಉಸಿರು ಜೋರಾಗಿ ಬಿಟ್ಟರೆ ಒಂದು ಚಕ್ರ ಹಾರಿಹೋಗುವ ಕಸುಬು. ಮೇಜಿನ ಮೇಲೆ ಸೀನಬಾರದು, ನಗಬಾರದು, ನಿಟ್ಟುಸಿರನ್ನಂತೂ ಬಿಡಲೇಬಾರದು. ಹೀಗೆ ತಡೆದಿಟ್ಟ ಸೀನು, ನಗು, ನಿಟ್ಟುಸಿರುಗಳನ್ನೆಲ್ಲ ಅವನು ಸಂಜೆ ಮನೆಗೆ ತಂದು ಬಿಡುತ್ತಿದ್ದ ಎಂಬುದು ಅವನ ಹೆಂಡತಿಯ ದೂರು.

ಇಂಥವನಿಗೆ ಕಬ್ಬಿಣದ ಜೊತೆ ಜಗಳ ಏಕೆ ಬಂತು ಎಂದರೆ, ಅಕ್ಕನಿಂದ.

ಅಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಮದುವೆಯ ಗೊಡವೆಗೆ ಹೋಗದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೀವನ ಸವೆಸಿ, ಈಗ ತಮ್ಮನ ಮನೆಯ ಮುಂದಿನ ಕೋಣೆಯಲ್ಲಿದ್ದಳು. ಇಡೀ ಊರಿನ ಮಾತುಗಳನ್ನು ಕಿವಿಯಲ್ಲಿ ಹಾಯಿಸಿಕೊಂಡವಳಾದ್ದರಿಂದ ಫೋನಿನಲ್ಲಿ ಯಾರಾದರೂ ಸುಳ್ಳು ಹೇಳಿದರೆ ಅವಳಿಗೆ ಥಟ್ಟನೆ ಗೊತ್ತಾಗುತ್ತಿತ್ತು. ಕಳೆದ ತಿಂಗಳು ಮೆಟ್ಟಿಲಲ್ಲಿ ಜಾರಿ ಬಿದ್ದು, ಸೊಂಟದ ಕೀಲು ಮುರಿದು, ಹೊಸ ಕೀಲು ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮನೆಗೆ ಕಳಿಸುತ್ತೇವೆ ಎಂದರು ಡಾಕ್ಟರು. ವ್ಯಾಯಾಮ ಮಾಡಿಸುವ ನರ್ಸಮ್ಮ ಎರಡು ಕಟ್ಟಳೆ ಹಾಕಿದಳು: ಕೂರುವ ಸೀಟು ಮೊಣಕಾಲಿಗಿಂತ ಕೆಳಗಿರಬಾರದು, ದಾರಿಯಲ್ಲಿ ಕುಲುಕಾಟ ಕೂಡದು.

ಈಗಿನ ಟ್ಯಾಕ್ಸಿಗಳಲ್ಲಿ ಕೂರುವುದೆಂದರೆ ನೆಲಮಾಳಿಗೆಗೆ ಇಳಿದಂತೆ. ಸೆಕೆಂಡಣ್ಣನ ಹದಿನೇಳು ವರ್ಷದ ಕಾರು ಹಾಗಲ್ಲ. ಅದು ಎತ್ತರಕ್ಕೆ ನಿಂತ ಡಬ್ಬಿ. ಟೇಪು ಹಿಡಿದು ನೋಡಿದರೆ ಸೀಟು ಸರಿಯಾಗಿ ಅಕ್ಕನ ಮೊಣಕಾಲಿಗೆ ಬಂತು. ಆದರೆ ಎರಡನೆಯ ಕಟ್ಟಳೆಗೆ ಆ ಕಾರು ಹುಟ್ಟಾ ವೈರಿ. ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳು, ಎಂದರೆ ಚಕ್ರದ ಪಕ್ಕದಲ್ಲಿ ನಿಂತು ಗುಂಡಿಯ ಏಟನ್ನು ತಾವು ನುಂಗಿಕೊಳ್ಳಬೇಕಾದ ಎಣ್ಣೆ ತುಂಬಿದ ಕೊಳವೆಗಳು, ಸತ್ತು ಎರಡು ವರ್ಷವಾಗಿತ್ತು. ಒಂದು ಹಂಪು ಹತ್ತಿಸಿದರೆ ಕಾರು ಮುಂದಿನ ತಿರುವಿನ ತನಕ ತಲೆದೂಗುತ್ತಿತ್ತು.

"ಅದ್ರಲ್ಲಿ ಬರೋದಕ್ಕಿಂತ ಇನ್ನೊಂದ್ಸಲ ಬಿದ್ದು ಇಲ್ಲೇ ಇದ್ಬಿಡ್ತೀನಿ ಕಣೋ ಮರಿ," ಎಂದಳು ಅಕ್ಕ. ಐವತ್ಮೂರು ವರ್ಷದವನನ್ನು ಮರಿ ಎನ್ನುವ ಹಕ್ಕು ಭೂಮಿಯ ಮೇಲೆ ಅವಳೊಬ್ಬಳಿಗೇ ಇತ್ತು.

ಆಗ ಸೆಕೆಂಡಣ್ಣ ಎದ್ದು ನಿಂತು, ಪಕ್ಕದ ಮಂಚದ ರೋಗಿಯೂ ತಿರುಗಿ ನೋಡುವಂತೆ, ಪ್ರತಿಜ್ಞೆ ಮಾಡಿದ. "ಎರಡೂ ಹೊಸದು ಹಾಕ್ತೀನಿ, ನನ್ನ ಕೈಯಾರೆ. ಸೋಮವಾರ ಹತ್ತಕ್ಕೆ ಬಾಗಿಲಲ್ಲಿ ಕಾರು ನಿಂತಿರತ್ತೆ. ತುಂಬಿದ ಲೋಟ ಹಿಡ್ಕೊಂಡು ಕೂತ್ಕೊ. ಮನೆ ತನಕ ಒಂದು ತೊಟ್ಟು ಚೆಲ್ಲಿದ್ರೆ ನನ್ನ ಕೇಳು."

"ಲೋಟ ನಾನು ಹಿಡ್ಕೋತೀನಿ. ನೀನು ಹತ್ತು ಗಂಟೆ ಹಿಡ್ಕೋ," ಎಂದಳು ಅಕ್ಕ.

ಈ ವೀರಾವೇಶಕ್ಕೆ ಕಾರಣವಿತ್ತು. ಎಂಟು ವರ್ಷದವನಿದ್ದಾಗ ಗೋಡೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ತೊಡೆಯ ತನಕ ಪ್ಲಾಸ್ಟರು. ಆಸ್ಪತ್ರೆಯಿಂದ ಕರೆತಂದವಳು ಅಕ್ಕ. ಸೈಕಲ್ಲಿನ ಕ್ಯಾರಿಯರಿಗೆ ಮನೆಯ ದಿಂಬು ಕಟ್ಟಿ, ಅದರ ಮೇಲೆ ಅವನನ್ನು ಕೂರಿಸಿ, ತಾನು ತುಳಿಯದೆ ಉದ್ದಕ್ಕೂ ತಳ್ಳಿಕೊಂಡೇ ನಡೆದಿದ್ದಳು. ಗುಂಡಿ ಬಂದಲ್ಲಿ ಹಿಂದಿನ ಚಕ್ರವನ್ನು ಅವನ ಸಮೇತ ಎತ್ತಿ ದಾಟಿಸಿದ್ದಳು. ಆ ದಿನ ಮನೆಗೆ ಬರಲು ಎರಡೂವರೆ ಗಂಟೆ ಹಿಡಿದಿತ್ತು. ನಲವತ್ತೈದು ವರ್ಷದಿಂದ ಆ ಎರಡೂವರೆ ಗಂಟೆ ಅವನ ಎದೆಯಲ್ಲಿ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಈಗ ತನ್ನ ಸರದಿ ಬಂದಿದೆ ಎಂದುಕೊಂಡಿದ್ದ.

ಗ್ಯಾರೇಜಿನವನು ಫೋನಿನಲ್ಲಿ, "ಗುರುವಾರಕ್ಕೆ ತನ್ನಿ," ಎಂದ. ಸೋಮವಾರದ ಕೆಲಸಕ್ಕೆ ಗುರುವಾರ ಯಾವ ಮೂಲೆಗೆ? ಅದೂ ಅಲ್ಲದೆ, ಫೋನಿನಲ್ಲಿ ಒಂದು ವಿಡಿಯೋ ಇತ್ತು. ಅದರಲ್ಲಿ ಬಿಳಿ ಬನಿಯನ್ನಿನ ಯುವಕನೊಬ್ಬ ಹಾಡು ಕೇಳುತ್ತಾ ಹನ್ನೊಂದು ನಿಮಿಷದಲ್ಲಿ ಇದೇ ಕೆಲಸ ಮುಗಿಸಿದ್ದ. ಕೊನೆಗೂ ಬನಿಯನ್ನು ಬಿಳಿಯದಾಗಿಯೇ ಇತ್ತು.

"ನೂರಿಪ್ಪತ್ತು ಭಾಗ ಇರೋ ವಾಚನ್ನ ಬಿಚ್ಚಿ ಜೋಡಿಸ್ತೀನಿ ನಾನು," ಎಂದ ಸೆಕೆಂಡಣ್ಣ ಹೆಂಡತಿಗೆ. "ಇದ್ರಲ್ಲಿ ಇರೋದು ಒಂದೊಂದು ಕಡೆಗೆ ಎರಡೆರಡು ಬೋಲ್ಟು."

"ಹಾಗಾದ್ರೆ ನಾಲ್ಕು ಸೆಕೆಂಡಿನ ಕೆಲಸ," ಎಂದಳು ಹೆಂಡತಿ. ಅವಳು ಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವವಳು. ದಿನವೆಲ್ಲ ಪಿಸುಮಾತಿನಲ್ಲೇ ಕಳೆಯುವ ಕಾರಣ ಮನೆಯಲ್ಲಿ ಅವಳ ಒಂದೊಂದು ಮಾತಿಗೂ ತೂಕ ಹೆಚ್ಚು.

ಶನಿವಾರ ಬೆಳಿಗ್ಗೆ ಬಲಗಡೆಯಿಂದ ಪ್ರಾರಂಭ. ಜಾಕಿ ಏರಿಸಿ, ಕಾರಿನ ಹಿಂಭಾಗವನ್ನು ಎರಡು ಕಬ್ಬಿಣದ ಮುಕ್ಕಾಲಿಗಳ ಮೇಲೆ ನಿಲ್ಲಿಸಿ, ಎರಡು ಚಕ್ರ ಕಳಚಿ, ಹಳೆ ಚಾಪೆ ಹಾಸಿಕೊಂಡು ಕೆಳಗೆ ನುಸುಳಿದ. ಮೇಲಿನ ಬೋಲ್ಟು ಬಂತು. ಕೆಳಗಿನದು ಒಂದು ಸಲ ಕಿರ್ ಎಂದು ಮುನಿಸಿಕೊಂಡು ಬಂತು. ನಲವತ್ತು ನಿಮಿಷದಲ್ಲಿ ಹೊಸ ಶಾಕ್ ಅಬ್ಸಾರ್ಬರು ಜಾಗದಲ್ಲಿ ಕೂತಿತು. ಸೆಕೆಂಡಣ್ಣ ಹೊರಗೆ ಬಂದು, ಬಿಚ್ಚಿದ ಬೋಲ್ಟುಗಳನ್ನು ಅಂಗಡಿಯಲ್ಲಿ ಮಾಡುವಂತೆಯೇ ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿ ಜೋಡಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತ. ಅವನ ಇಡೀ ಬಾಳಿನಲ್ಲಿ ಅಷ್ಟು ಸಂತೋಷದ ನಲವತ್ತು ನಿಮಿಷ ಹಿಂದೆ ಬಂದಿರಲಿಲ್ಲ. ಮುಂದಂತೂ ಬರಲಿಲ್ಲ.

ಆಮೇಲೆ ಎಡಗಡೆ.

ಮೇಲಿನ ಬೋಲ್ಟು ತಂಟೆ ಮಾಡದೆ ಬಂತು. ಕೆಳಗಿನ ಹತ್ತೊಂಬತ್ತರ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಒತ್ತಿದ. ಬೋಲ್ಟು ಅಲ್ಲಾಡಲಿಲ್ಲ. ಇನ್ನಷ್ಟು ಒತ್ತಿದ. ಬೋಲ್ಟಿನ ಬದಲು ಅವನು ಚಾಪೆಯ ಸಮೇತ ಹಿಂದಕ್ಕೆ ಸರಿದ. ಕಾಲನ್ನು ಗೋಡೆಗೆ ಕೊಟ್ಟು ಎರಡೂ ಕೈಯಲ್ಲಿ ಎಳೆದ. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು. ಬೋಲ್ಟು ಮಾತ್ರ ಹದಿನೇಳು ವರ್ಷದ ತುಕ್ಕಿನ ಕಂಬಳಿ ಹೊದ್ದು ಕಮಕ್ ಕಿಮಕ್ ಎನ್ನದೆ ಮಲಗಿತ್ತು.

"ಏನ್ ಸೆಕೆಂಡಣ್ಣ, ಕಾಲು ಮಾತ್ರ ಕಾಣ್ತಿದೆ. ಮಿಕ್ಕಿದ್ದನ್ನ ಕಾರು ನುಂಗಿಬಿಡ್ತಾ?"

ಇದು ಎದುರುಮನೆಯ ಕೇಕಿನವನ ಧ್ವನಿ. ಒಂದು ದೊಡ್ಡ ಬೇಕರಿಯ ಕೇಕುಗಳನ್ನು ಮನೆಮನೆಗೆ ಮುಟ್ಟಿಸುವ ವ್ಯಾನು ಅವನದು. ತಾನೂ ಒಂದು ಕೇಕಿನಂತೆ ಉಬ್ಬಿದ್ದ. ಬೇರೆಯವರ ಕಷ್ಟ ಕಂಡರೆ ಕುರ್ಚಿ ತಂದು ಹಾಕಿಕೊಂಡು ಕೂರುವ ಸ್ವಭಾವ. ಅಂದೂ ತಂದ.

"ಹಿಡ್ಕೊಂಡ್ಬಿಟ್ಟಿದೆ," ಎಂದ ಕಾರಿನ ಕೆಳಗಿಂದ ಸೆಕೆಂಡಣ್ಣ.

"ಎಣ್ಣೆ ಬಿಡಿ."

"ಬಿಟ್ಟೆ."

"ಯಾವ ಎಣ್ಣೆ?"

"ವಾಚಿನ ಎಣ್ಣೆ. ಒಳ್ಳೇದು, ತುಂಬಾ ತೆಳು."

"ಎಷ್ಟು?"

"ಎರಡು ತೊಟ್ಟು."

ಕೇಕಿನವನು ಕುರ್ಚಿಯ ಕೈ ಹಿಡಿದುಕೊಂಡು ನಕ್ಕ. ಅವನ ನಗು ಬೀದಿಯ ಕೊನೆಯ ಮನೆಯವರಿಗೂ ಕೇಳಿಸುವಂಥದ್ದು. "ಆನೆಗೆ ಕಣ್ಣಿನ ಡ್ರಾಪ್ಸ್ ಹಾಕಿದ ಹಾಗಾಯ್ತು! ತುಕ್ಕು ಬಿಡಿಸೋ ಸ್ಪ್ರೇ ತನ್ನಿ ಅಣ್ಣ, ಡಬ್ಬಿಗಟ್ಲೆ ಹೊಡೀರಿ. ನನ್ನ ವ್ಯಾನಿನ ಶಾಕ್ ಅಬ್ಸಾರ್ಬರು ವರ್ಷಕ್ಕೊಂದ್ಸಲ ಬದಲಾಯಿಸ್ತೀನಿ, ಗೊತ್ತಾ? ಮೂರು ಅಂತಸ್ತಿನ ಕೇಕು ಇಟ್ಕೊಂಡು ಊರೆಲ್ಲ ತಿರುಗಿದ್ರೂ ಮೇಲಿನ ಗುಲಾಬಿ ಅಲ್ಲಾಡಲ್ಲ."

ಗುಲಾಬಿಯ ಈ ಕಥೆಯನ್ನು ಸೆಕೆಂಡಣ್ಣ ಹಿಂದೆ ಇನ್ನೂರು ಸಲ ಕೇಳಿದ್ದ. ಚಾಪೆಯ ಮೇಲೆ ಮಲಗಿ ಕೇಳಿದ್ದು ಇದೇ ಮೊದಲು.

ಸ್ಪ್ರೇ ಬಂತು. ಅರ್ಧ ಡಬ್ಬಿ ಬೋಲ್ಟಿಗೆ ಹೋಯಿತು, ಅರ್ಧ ಅವನ ಕನ್ನಡಕಕ್ಕೆ. ತಂತಿ ಬ್ರಷ್ಷಿನಲ್ಲಿ ಉಜ್ಜಿದ. ಸುತ್ತಿಗೆಯಲ್ಲಿ ತಟ್ಟಿದ. ಮೊದಲ ಏಟುಗಳು ಗಡಿಯಾರದವನ ಏಟುಗಳು. ಮಲಗಿದ ಮಗುವನ್ನು ಏಳಿಸಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಅವು ಬದಲಾಗಿದ್ದವು. ಮೂರು ಗಂಟೆಗೆ ಸ್ಪ್ಯಾನರ್ ಜಾರಿ ಬಲಗೈಯ ನಾಲ್ಕು ಗೆಣ್ಣುಗಳು ಕಾರಿನ ಅಚ್ಚಿಗೆ ಬಡಿದವು. ಆಗ ಅವನ ಬಾಯಿಂದ ಬಂದ ಮಾತನ್ನು ಹೆಂಡತಿ ಮೂವತ್ತು ವರ್ಷದ ಸಂಸಾರದಲ್ಲಿ ಕೇಳಿರಲಿಲ್ಲ. ಅಡುಗೆಮನೆಯಿಂದ ಹೊರಬಂದು, "ಏನ್ರೀ, ಯಾರಿಗೆ ಹೇಳಿದ್ದು?" ಎಂದಳು.

"ಬೋಲ್ಟಿಗೆ."

"ಅದು ಕೇಳಿಸ್ಕೊಳ್ತಾ?"

"ಇಲ್ಲ."

"ಮತ್ಯಾಕೆ, ಬೀದಿಯವರಿಗೆ ಕೇಳ್ಸೋದಕ್ಕಾ?"

ಸಂಜೆ ಅಗ್ನಿಯ ಮೊರೆಹೊಕ್ಕ. ಬಿಸಿ ಮಾಡಿದರೆ ಕಬ್ಬಿಣ ಹಿಗ್ಗುತ್ತದೆ, ತುಕ್ಕು ಸಡಿಲುತ್ತದೆ ಎಂದು ವಿಡಿಯೋದವನು ಹೇಳಿದ್ದ. ಅವನ ಕೈಯಲ್ಲಿ ಬುಸುಗುಡುವ ದೊಡ್ಡ ಗ್ಯಾಸಿನ ಬೆಂಕಿ ಇತ್ತು. ಸೆಕೆಂಡಣ್ಣ ಅಂಗಡಿಯಿಂದ ತಂದದ್ದು ವಾಚಿನ ಮುಳ್ಳಿಗೆ ಬೆಸುಗೆ ಹಾಕುವ, ಲಿಂಬೆಹಣ್ಣಿನಷ್ಟು ಗಾತ್ರದ ಸ್ಪಿರಿಟ್ ದೀಪ. ಇಪ್ಪತ್ತು ನಿಮಿಷ ಹಿಡಿದ. ಬೋಲ್ಟು ಬೆಚ್ಚಗಾಯಿತೋ ಇಲ್ಲವೋ, ಅದರ ಸುತ್ತಲಿನ ರಬ್ಬರು ಮಾತ್ರ ಕರಗಿ ಕಪ್ಪು ಹೊಗೆ ಬಿಟ್ಟಿತು. ಸ್ಪ್ರೇಯಲ್ಲಿ ನೆನೆದ ಚಾಪೆಯ ಅಂಚು ಭಗ್ ಎಂದಿತು. ಹೆಂಡತಿ ಬಕೆಟ್ ನೀರು ಎರಚಿದಳು. ಬೆಂಕಿ ಆರಿತು. ಜೊತೆಗೆ ಸೆಕೆಂಡಣ್ಣನೂ ಅರ್ಧ ಆರಿಹೋದ.

ಒದ್ದೆ ಬಟ್ಟೆಯಲ್ಲಿ ಕೂತಿದ್ದಾಗಲೇ ಅಕ್ಕನ ಫೋನು.

"ಎಲ್ಲಿಗೆ ಬಂತು ಮರಿ?"

"ಆಯ್ತು ಅಕ್ಕ. ಇನ್ನೊಂದೇ ಒಂದು ಬೋಲ್ಟು."

"ನಿನ್ನ ಹಲ್ಲು ಯಾಕೆ ಕಟಕಟ ಅಂತಿದೆ?"

"ಗಾಳಿ."

"ಹೂಂ," ಎಂದಳು ಅಕ್ಕ. ಅವಳ 'ಹೂಂ'ನಲ್ಲಿ ಎಕ್ಸ್‌ಚೇಂಜಿನ ಮೂವತ್ತೈದು ವರ್ಷ ಇತ್ತು.

ಭಾನುವಾರ ಅವನು ಒಂದು ಆಯುಧ ಹುಡುಕಿದ. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಕೊಳಾಯಿ ಪೈಪು, ಐದಡಿ ಉದ್ದ. ಅದನ್ನು ಸ್ಪ್ಯಾನರಿನ ಹಿಡಿಗೆ ತೊಡಿಸಿದರೆ ಒಬ್ಬನ ಬಲ ಐವರ ಬಲವಾಗುತ್ತದೆ. ತೊಡಿಸಿ ಜೋತುಬಿದ್ದ. ಪೈಪಿನ ತುದಿಗೆ ಹತ್ತಿ ನಿಂತ. ಐವತ್ತೆಂಟು ಕೆಜಿ ಮೇಲೆ ಕೆಳಗೆ ಜೀಕಿತು. ಕಾರೂ ಅವನ ಜೊತೆ ಜೀಕಿತು. ಬೋಲ್ಟು ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಕೇಕಿನವನು ಕುರ್ಚಿಯಲ್ಲಿ ಕೂತು, "ಟಿಕೆಟ್ ಎಷ್ಟು ಸೆಕೆಂಡಣ್ಣ? ಉಯ್ಯಾಲೆ ಚೆನ್ನಾಗಿದೆ," ಎಂದ.

ಸೆಕೆಂಡಣ್ಣ ಇಳಿದ. ಅಂಗಳದಲ್ಲಿ ಕೂತು ತಲೆ ಮೇಲೆ ಕೈ ಹೊತ್ತ. ಆಗಲೇ ಜ್ಞಾನೋದಯವಾದದ್ದು.

ಕಸುಬು ಕಲಿಯುವಾಗ ಅವನು ಮಾಡಿದ ಮೊದಲ ಅಪರಾಧ ಒಂದು ತಿರುಪಿನ ತಲೆ ಮುರಿದದ್ದು. ವಾಚಿನ ಒಳಗೆ, ಕೀಲಿ ಕೊಡುವ ಕಡೆಯಲ್ಲಿ, ಎರಡು ಚಕ್ರ ಅಕ್ಕಪಕ್ಕ ಕೂತಿರುತ್ತವೆ. ನೋಡಲು ಅವಳಿಜವಳಿ. ಒಂದರ ತಿರುಪು ಎಲ್ಲ ತಿರುಪುಗಳಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇನ್ನೊಂದರದ್ದು ಎಡಮುರಿ, ಬಲಕ್ಕೆ ತಿರುಗಿಸಿದರೆ ಮಾತ್ರ ಬಿಚ್ಚುತ್ತದೆ. ಗೊತ್ತಿಲ್ಲದೆ ಅವನು ಎಡಕ್ಕೇ ಒತ್ತಿದ್ದ, ತಲೆ ಹಾರಿತ್ತು. ಗುರು ಹಣೆಗೊಂದು ಮೊಟಕಿ ಹೇಳಿದ್ದ: "ಬರದೇ ಇದ್ರೆ ಬಲ ಹಾಕ್ಬೇಡ. ನೀನು ತಪ್ಪು ಕಡೆ ತಿರುಗಿಸ್ತಿದ್ದೀಯ ಅಂತ ತಿಳ್ಕೋ." ಈ ಒಂದು ಮಾತಿನ ಮೇಲೆ ಸೆಕೆಂಡಣ್ಣ ಮೂವತ್ಮೂರು ವರ್ಷ ಬದುಕಿದ್ದ. ಮತ್ತೆ ಒಂದು ತಿರುಪನ್ನೂ ಮುರಿದಿರಲಿಲ್ಲ.

ಅವನು ಕಾರಿನ ಹಿಂದೆ ನಿಂತು ನೋಡಿದ. ಅಕ್ಕಪಕ್ಕ ಎರಡು ಚಕ್ರದ ಜಾಗ. ಬಲಗಡೆಯದು ಸಲೀಸಾಗಿ ಬಂದಿದೆ. ಎಡಗಡೆಯದು ಬಂದಿಲ್ಲ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡ. "ಎಡಗಡೇದು ಎಡಮುರಿ!"

ಪೈಪನ್ನು ತಿರುಗಿಸಿ ಹಾಕಿ, ಉಲ್ಟಾ ದಿಕ್ಕಿಗೆ ಜಗ್ಗಿದ. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಕೆಳಗಿನಿಂದ ಕರ್... ಎಂಬ ದನಿ. ಬೋಲ್ಟು ಕದಲಿತ್ತು! ಎರಡು ದಿನದಲ್ಲಿ ಮೊದಲ ಬಾರಿಗೆ, ಒಂದು ಬೆರಳಿನಷ್ಟು ತಿರುಗಿತ್ತು. ಸೆಕೆಂಡಣ್ಣ ಅಂಗಳದಲ್ಲೇ ಕುಣಿದ. ಕೇಕಿನವನು ಕೂಡ ಎದ್ದು ನಿಂತ, ಸ್ವಲ್ಪ ಬೇಸರದಿಂದಲೇ. ಅಕ್ಕನಿಗೆ ಫೋನು ಹೋಯಿತು: "ಬಂತು ಅಕ್ಕ! ಲೋಟ ತೊಳೆದಿಟ್ಕೋ!"

ಹೆಂಡತಿ ಕೈಯಲ್ಲಿ ಸಕ್ಕರೆ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. ಪೈಪನ್ನು ನೋಡಿದಳು, ಬೋಲ್ಟಿನ ಕಡೆ ಬಗ್ಗಿ ನೋಡಿದಳು, ಆಮೇಲೆ ಡಬ್ಬಿಯ ಮುಚ್ಚಳವನ್ನು ಒಂದು ಸುತ್ತು ತಿರುಗಿಸಿದಳು.

"ಏನ್ರೀ, ಈ ಕಡೆ ತಿರುಗಿಸಿದ್ರೆ ಮುಚ್ಚತ್ತಲ್ವಾ?"

"ಇವಳೇ, ಅದು ಸಕ್ಕರೆ ಡಬ್ಬಿ. ಇದು ಎಡಮುರಿ. ಇದ್ರ ಶಾಸ್ತ್ರ ಬೇರೆ. ಒಂದ್ ಸೆಕೆಂಡು ಸುಮ್ನಿರು, ಇನ್ನೊಂದ್ ಎಳೆತ..."

ಎಳೆದ.

ಟಣ್!

ಪೈಪು ಒಂದು ಕಡೆ, ಸ್ಪ್ಯಾನರ್ ಒಂದು ಕಡೆ, ಸೆಕೆಂಡಣ್ಣ ಇನ್ನೊಂದು ಕಡೆ. ಬೋಲ್ಟಿನ ತಲೆ ಬಕೆಟ್ಟಿಗೆ ಬಡಿದು, ಗೇಟಿಗೆ ಬಡಿದು, ಉರುಳುತ್ತಾ ಬಂದು ಕೇಕಿನವನ ಚಪ್ಪಲಿಯ ಹತ್ತಿರ ನಿಂತಿತು.

ಸೆಕೆಂಡಣ್ಣ ಎದ್ದು, ಕುಂಟುತ್ತಾ ಡಬ್ಬಿಯ ಮುಚ್ಚಳದ ಹತ್ತಿರ ಹೋದ. ಬಲಗಡೆಯ ಹಳೆಯ ಬೋಲ್ಟನ್ನು ಎತ್ತಿ, ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿ, ಅದರ ತಿರುಪನ್ನು ನೋಡಿದ. ಆಮೇಲೆ ಕಾರಿನ ಕೆಳಗೆ ತೂರಿ, ಎಡಗಡೆ ಮುರಿದು ನಿಂತ ಬೋಲ್ಟಿನ ಆ ಬದಿಯಲ್ಲಿ ನಟ್ಟಿನಾಚೆ ಚಾಚಿದ್ದ ತುದಿಯನ್ನು ಒರೆಸಿ ನೋಡಿದ. ಎರಡೂ ಒಂದೇ. ತದ್ರೂಪ. ಎಡಮುರಿಯ ಸುಳಿವೇ ಇಲ್ಲ. ಕಾರು ಮಾಡಿದವನಿಗೆ ವಾಚಿನ ಶಾಸ್ತ್ರ ಗೊತ್ತಿರಲಿಲ್ಲ. ಸೆಕೆಂಡಣ್ಣ ಐದಡಿ ಪೈಪು ಹಾಕಿ, ಹದಿನೇಳು ವರ್ಷದಿಂದ ಬಿಗಿಯಾಗಿದ್ದ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡಿದ್ದ.

ಹೆಂಡತಿ ಸಕ್ಕರೆ ಡಬ್ಬಿಯ ಮುಚ್ಚಳವನ್ನು ಬಲಕ್ಕೆ ತಿರುಗಿಸಿ ಬಿಗಿ ಮಾಡಿಕೊಂಡು ಒಳಗೆ ಹೋದಳು.

ತಲೆ ಹೋದ ಮೇಲೂ ಮುಂಡ ರಣರಂಗ ಬಿಡಲಿಲ್ಲ. ಒಂದು ತುದಿ ಅಚ್ಚಿಗೆ ಬೆಸೆದ ನಟ್ಟಿನೊಳಗೆ ಕಚ್ಚಿಕೊಂಡಿತ್ತು. ನಡುಭಾಗ ಶಾಕ್ ಅಬ್ಸಾರ್ಬರಿನ ಕಬ್ಬಿಣದ ಬಳೆಯೊಂದಿಗೆ ತುಕ್ಕಿನಲ್ಲಿ ಒಂದಾಗಿಹೋಗಿತ್ತು. ಹಿಡಿದು ತಿರುಗಿಸಲು ತಲೆಯೇ ಇಲ್ಲ. ಸೆಕೆಂಡಣ್ಣ ಸುತ್ತಿಗೆಯಲ್ಲಿ ಬಡಿದ. ತುದಿ ಅಣಬೆಯಂತೆ ಅರಳಿತು. ಗರಗಸದ ಬ್ಲೇಡು ಹಾಕಿ ಕೊಯ್ದ. ಒಂದು ಬ್ಲೇಡು ಮುರಿಯಿತು, ಇನ್ನೊಂದು ಹಲ್ಲು ಕಳೆದುಕೊಂಡಿತು, ಬೋಲ್ಟಿನ ಮೇಲೆ ಉಗುರಿನ ಗೀರಿನಷ್ಟು ಗುರುತು ಬಿತ್ತು. ಹಾಗಾದರೆ ಹಾಳಾಗಲಿ, ಹಳೆಯದನ್ನೇ ಇಟ್ಟು ಮೇಲಿನ ಬೋಲ್ಟು ಹಾಕಿ ಓಡಿಸೋಣವೆಂದರೆ, ಕೆಳಗಿನ ರಬ್ಬರನ್ನು ಅವನೇ ಶನಿವಾರ ಸಂಜೆ ಕರಗಿಸಿದ್ದ. ತಲೆಯಿಲ್ಲದ ಬೋಲ್ಟಿನಿಂದ ಯಾವ ಗುಂಡಿಯಲ್ಲಿ ಏನು ಕಳಚುತ್ತದೋ ಹೇಳುವಂತಿರಲಿಲ್ಲ. ಕಾರು ಅತ್ತ ರಿಪೇರಿಯೂ ಆಗದೆ ಇತ್ತ ಹಳೆಯ ಹಾಳುಸ್ಥಿತಿಗೂ ಮರಳದೆ, ಹಿಂಗಾಲೆತ್ತಿದ ನಾಯಿಯಂತೆ ಅಂಗಳದಲ್ಲಿ ನಿಂತಿತು.

ಅವನು ಫೋನು ಹಿಡಿದು ಕೂತ. ಗ್ಯಾರೇಜಿನವನು ಭಾನುವಾರ ಫೋನೆತ್ತಲಿಲ್ಲ. ಆಸ್ಪತ್ರೆಯ ವ್ಯಾನು ಬುಧವಾರದವರೆಗೆ ಖಾಲಿ ಇಲ್ಲ. ಟ್ಯಾಕ್ಸಿಯವರನ್ನು ಒಬ್ಬೊಬ್ಬರಾಗಿ, "ನಿಮ್ಮ ಸೀಟು ನೆಲದಿಂದ ಎಷ್ಟು ಎತ್ತರ ಇದೆ?" ಎಂದು ಕೇಳಿದ. ಮೊದಲಿನವನು ಪ್ರಾಮಾಣಿಕವಾಗಿ ಅಳೆದು ಹೇಳಿದ, ಒಂದು ಗೇಣು ಕಡಿಮೆ. ಎರಡನೆಯವನು, "ಕುಡಿದಿದ್ದೀರಾ ಸಾರ್?" ಎಂದ. ಮೂರನೆಯವನು ಪ್ರಶ್ನೆ ಮುಗಿಯುವ ಮೊದಲೇ ಫೋನು ಇಟ್ಟ.

ಎದುರಿಗೇ ಒಂದು ವ್ಯಾನು ನಿಂತಿತ್ತು. ಎತ್ತರದ ಸೀಟು, ಗುಲಾಬಿ ಅಲ್ಲಾಡದ ಓಟ. ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲವೆಂದಲ್ಲ. ಆದರೆ ಅದರ ಒಡೆಯ ಆಗತಾನೆ ಬೋಲ್ಟಿನ ತಲೆಯನ್ನು ಅಂಗೈಯಲ್ಲಿಟ್ಟು ತಂದುಕೊಟ್ಟು, "ಇದು ನಿಮ್ದು ಅಣ್ಣ, ಬಿದ್ದಿತ್ತು," ಎಂದು ಹೇಳಿ, ನಗು ತಡೆಯಲಾರದೆ ಗೇಟು ಹಿಡಿದುಕೊಂಡು ನಿಂತಿದ್ದ. ಅವನನ್ನು ಕೇಳುವುದೇ? ಅದೊಂದು ಬಿಟ್ಟು ಬೇರೆ ಹೇಳಿ, ಎಂದಿತು ಸೆಕೆಂಡಣ್ಣನ ಮರ್ಯಾದೆ.

ಅದೇ ಗಳಿಗೆಗೆ ಅಕ್ಕನ ಫೋನು.

"ಮುಗೀತಾ?"

"ಮುಗೀತು ಅಕ್ಕ. ಇನ್ನೊಂದ್ ಸೆಕೆಂಡು."

"ಅಲ್ಲಿ ನಗ್ತಿರೋರು ಯಾರು?"

"ಕೇಕಿನವನು. ಅವನಿಗೆ ಬೇರೆ ಕೆಲಸ ಇಲ್ಲ."

"ಹೂಂ. ಸರಿ, ಇಡು."

ಸೋಮವಾರ ಬೆಳಿಗ್ಗೆ ಎದ್ದಾಗ ಮರ್ಯಾದೆ ಸ್ವಲ್ಪ ಸಡಿಲವಾಗಿತ್ತು. ಕಾರಿನಲ್ಲಿ ಸಡಿಲವಾಗದ್ದು ಹಾಸಿಗೆಯಲ್ಲಿ ಸಡಿಲವಾಗಿತ್ತು. ಅಕ್ಕನಿಗಾಗಿ ಅವಮಾನ ನುಂಗಿಕೊಂಡು ಕೇಳಿಯೇ ಬಿಡೋಣವೆಂದು ಎಂಟು ಗಂಟೆಗೆ ಬೀದಿ ದಾಟಿ ಎದುರುಮನೆಯ ಗೇಟಿಗೆ ಹೋದ. ವ್ಯಾನು ಇರಲಿಲ್ಲ. ಅದು ನಿಲ್ಲುತ್ತಿದ್ದ ಜಾಗದಲ್ಲಿ ಒಂದು ಬೆಕ್ಕು ಕೂತು ಮೈ ನೆಕ್ಕಿಕೊಳ್ಳುತ್ತಿತ್ತು.

ಮನೆಗೆ ಬಂದು ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತ. ಹೆಂಡತಿ ಹಾಸಿಗೆ ಎತ್ತರಿಸಿ, ಹೊಸ ಹೊದಿಕೆ ಹಾಸಿ, ಕೈಗೆಟುಕುವಂತೆ ನೀರಿನ ಲೋಟವನ್ನೂ ಇಟ್ಟಿದ್ದಳು. ಏನೂ ತೋಚದೆ ಹಾಸಿಗೆಯ ಮೇಲಿನ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ.

"ದಿಂಬು ಯಾಕ್ರೀ?" ಎಂದಳು ಹೆಂಡತಿ.

"ಗೊತ್ತಿಲ್ಲ," ಎಂದ. ಎರಡು ದಿನದಲ್ಲಿ ಅವನು ಆಡಿದ ಮೊದಲ ಸತ್ಯ ಅದು.

ಬಸ್ಸಿನಲ್ಲಿ ನಿಂತು ಒಂದು ಭಾಷಣ ತಯಾರಿಸಿದ. "ಅಕ್ಕ, ಬೋಲ್ಟು..." ಎಂದು ಶುರುವಾಗುತ್ತಿತ್ತು ಅದು. ಮುಂದಕ್ಕೆ ಹೋಗುತ್ತಿರಲಿಲ್ಲ. ದಿಂಬು ಹಿಡಿದ ಗಂಡಸನ್ನು ಕಂಡು ಒಬ್ಬ ಹೆಂಗಸು ಪಾಪ, ಯಾರೋ ನಿದ್ದೆಗೆಟ್ಟವನು ಎಂದು ಸೀಟು ಬಿಟ್ಟುಕೊಟ್ಟಳು.

ಆಸ್ಪತ್ರೆಯ ಬಾಗಿಲಲ್ಲಿ ಕೇಕಿನ ವ್ಯಾನು ನಿಂತಿತ್ತು. ಮುಂದಿನ ಎತ್ತರದ ಸೀಟಿನಲ್ಲಿ, ಬೆನ್ನು ನೆಟ್ಟಗೆ ಮಾಡಿ, ಊರುಗೋಲಿನ ಚೌಕಟ್ಟನ್ನು ಪಕ್ಕಕ್ಕೆ ಒರಗಿಸಿ, ಅಕ್ಕ ಕೂತಿದ್ದಳು. ಸ್ಟಿಯರಿಂಗಿನ ಹಿಂದೆ ಕೇಕಿನವನು. ಆಸ್ಪತ್ರೆಯ ಗಡಿಯಾರದಲ್ಲಿ ಹತ್ತು ಗಂಟೆ ಎರಡು ನಿಮಿಷ.

"ನಿನ್ನೆ ಸಾಯಂಕಾಲವೇ ಅಮ್ಮಾವ್ರು ಫೋನ್ ಮಾಡಿದ್ರು ಅಣ್ಣ," ಎಂದ ಕೇಕಿನವನು. ಆಶ್ಚರ್ಯವೆಂದರೆ ನಗಲಿಲ್ಲ. "ನನ್ನ ನಂಬರು ಅವರ ತಲೇಲೇ ಇತ್ತು. ಬೆಳಿಗ್ಗೆ ನಾಲ್ಕು ಕೇಕು ಬೇಗ ಕೊಟ್ಟು ಬಂದ್ಬಿಟ್ಟೆ."

"ಅಕ್ಕ, ಬೋಲ್ಟು..." ಎಂದ ಸೆಕೆಂಡಣ್ಣ.

"ಮೊದಲನೇ ದಿನವೇ ಗೊತ್ತಾಯ್ತು ಕಣೋ. ಹಿಂದೆ ಹತ್ಕೋ. ಮುಂದೆ ಎರಡೇ ಸೀಟು."

"ಈ ದಿಂಬು ನಿನಗೆ ಅಂತ..."

"ನನಗೆ ಇಲ್ಲಿ ಮೆತ್ತಗಿದೆ. ನೀನೇ ಹಾಕ್ಕೊಂಡು ಕೂತ್ಕೋ. ಹಿಂದೆ ಬರೀ ತಗಡು."

ಹೀಗೆ ಸೆಕೆಂಡಣ್ಣ, ತಟ್ಟೆಗಳ ಸಾಲಿನ ನಡುವೆ ತಗಡಿನ ನೆಲದ ಮೇಲೆ ದಿಂಬು ಹಾಕಿಕೊಂಡು ಕೂತ. ಕೊಡಬೇಕಾಗಿ ಉಳಿದಿದ್ದ ಒಂದು ಕೇಕಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಹೇಳಿದ್ದರು. ಡಬ್ಬಿಯ ಕಿಟಕಿಯಿಂದ ಕೇಕಿನ ಮೇಲಿನ ಗುಲಾಬಿ ಕಾಣುತ್ತಿತ್ತು. ಇಡೀ ದಾರಿ ಅವನು ಅದನ್ನೇ ನೋಡಿದ. ಒಂದು ಸಲವಾದರೂ ಅಲ್ಲಾಡಲಿ ಎಂದು ಅವನ ಒಂದು ಮನಸ್ಸು, ಅಲ್ಲಾಡದಿರಲಿ ಎಂದು ಇನ್ನೊಂದು ಮನಸ್ಸು. ಅಲ್ಲಾಡಲಿಲ್ಲ. ಮುಂದಿನಿಂದ ಅಕ್ಕ ಎರಡು ಸಲ ಕೂಗಿ, "ಮರಿ, ಕಾಲು ಚಾಚಿದ್ದೀಯೋ ಮಡಚಿದ್ದೀಯೋ?" ಎಂದು ಕೇಳಿದಳು. ಸೈಕಲ್ಲಿನ ಮೇಲೂ ಹಾಗೇ ಕೇಳಿದ್ದಳು.

ಮನೆಯ ಮುಂದೆ ಇಳಿದ ಮೇಲೆ ಅಕ್ಕ ನೇರ ಒಳಗೆ ಹೋಗಲಿಲ್ಲ. ಚೌಕಟ್ಟು ಊರುತ್ತಾ, ಒಂದೊಂದೇ ಹೆಜ್ಜೆ, ಕಾರಿನ ಹತ್ತಿರ ಬಂದಳು. ಅಂಗಳದ ತುಂಬ ಎಣ್ಣೆ, ಸುಟ್ಟ ಚಾಪೆ, ಪೈಪು, ಮುರಿದ ಬ್ಲೇಡು.

"ಎಲ್ಲಿ, ತೋರಿಸು."

ಸೆಕೆಂಡಣ್ಣ ಅಂಗಿಯ ಜೇಬಿನಿಂದ ಒಂದು ಪೊಟ್ಟಣ ತೆಗೆದ. ಗಿರಾಕಿಗಳ ವಾಚಿನ ಭಾಗಗಳನ್ನು ಸುತ್ತುವ ತೆಳು ಕಾಗದ. ಒಳಗೆ ಬೋಲ್ಟಿನ ತಲೆ. ಅಕ್ಕ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು.

"ಇಷ್ಟೇನಾ?"

"ಮಿಕ್ಕಿದ್ದು ಒಳಗೇ ಇದೆ. ಬೆಳಿಗ್ಗೆ ಫೋನ್ ಮಾಡಿದ್ದೆ, ಗುರುವಾರ ಗ್ಯಾರೇಜಿನವನು ಬಂದು ಕೊಯ್ದು ತೆಗಿತಾನಂತೆ." ಅವನ ಧ್ವನಿ ಸಣ್ಣದಾಯಿತು. "ನೀನು ಆವತ್ತು ಅಷ್ಟು ದೂರ ನನ್ನ ತಳ್ಕೊಂಡು ಬಂದೆ ಅಕ್ಕ. ತುಳಿದ್ರೆ ಕುಲುಕತ್ತೆ ಅಂತ. ನನ್ನ ಕೈಲಿ ಒಂದು ಬೋಲ್ಟು ತೆಗೆಯೋ..."

"ಕುಲುಕತ್ತೆ ಅಂತ ಯಾರು ಹೇಳಿದ್ರು ನಿನಗೆ?"

"ಮತ್ತೆ?"

"ಸೈಕಲ್ಲಿನ ಚೈನು ಜಾಮ್ ಆಗಿತ್ತು ಕಣೋ ದಡ್ಡ. ಕಲ್ಲಲ್ಲಿ ಕುಟ್ಟಿದೆ, ಸೀಮೆಎಣ್ಣೆ ಬಿಟ್ಟೆ, ಒದ್ದೆ, ಅತ್ತೆ. ಬರ್ಲಿಲ್ಲ. ಹಿಂದಿನ ಚಕ್ರ ಸರಿಯಾಗಿ ಉರುಳ್ತಾನೇ ಇರ್ಲಿಲ್ಲ. ಎತ್ಕೊಂಡು, ತಳ್ಕೊಂಡು ಬರದೆ ಇನ್ನೇನ್ ಮಾಡ್ಲಿ?"

ಕೇಕಿನವನು ಆಗ ನಕ್ಕ. ಬೆಳಿಗ್ಗೆಯಿಂದ ಕೂಡಿಟ್ಟದ್ದೆಲ್ಲ ಸೇರಿಸಿ ನಕ್ಕ. ಬಾಗಿಲಲ್ಲಿ ನಿಂತ ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡಳು. ಸೆಕೆಂಡಣ್ಣ ಕಂಕುಳಲ್ಲಿ ದಿಂಬು ಇಟ್ಟುಕೊಂಡು ಅಕ್ಕನ ಮುಖವನ್ನೇ ನೋಡುತ್ತಾ ನಿಂತ. ಚೈನು ನಿಜವಾಗಿ ಜಾಮ್ ಆಗಿತ್ತೋ, ಇಲ್ಲ ಈ ಕ್ಷಣ ಅವನ ಮುಖ ನೋಡಿ ಜಾಮ್ ಆಯಿತೋ? ಬೇರೆಯವರ ಸುಳ್ಳು ಹಿಡಿಯುವ ಕಿವಿ ಅವಳದು. ಅವಳದನ್ನು ಹಿಡಿಯುವ ಕಿವಿ ಅವನಿಗಿರಲಿಲ್ಲ.

"ನಿಂತೇ ಇದ್ದೀಯಲ್ಲ, ನನಗೆ ಕಾಲು ನೋಯ್ತಿದೆ," ಎಂದಳು ಅಕ್ಕ. "ಕುರ್ಚಿ ತಾ."

"ಒಂದ್ ಸೆ..." ಎಂದವನು ಮಾತನ್ನು ಅರ್ಧಕ್ಕೆ ಮುರಿದು, ಓಡಿದ.